ಕಣ್ಣಿನ ಡಾಕ್ಟ್ರು ಕೊಟ್ಟ ಮೂತ್ರದ ಬಾಟಲಿ

ಬಂಧುಗಳೇ, ಸಕ್ಕರೆ ಕಾಯಿಲೆಯಿಂದ ಮಂಜಾದ ಕಣ್ಣಿಗೆ ಎರಡನೇ ಇಂಜೆಕ್ಷನ್ ಚುಚ್ಚಿಸಿಕೊಳ್ಳಲು ಇವತ್ತು ಬೊರಿವಲಿಯ ಕಣ್ಣಿನ ಆಸ್ಪತ್ರೆಗೆ ಹೋದರೆ, ಡಾಕ್ಟ್ರು ನನ್ನ ಕೈಗೆ ಮೂತ್ರದ ಬಾಟಲಿ ಕೊಟ್ಟರು.

"ಅಮ್ಮಾ, ತೊಂದ್ರೆ ಇರೋದು ಮೇಲಿನ ಮಾಳಿಗೆಯಲ್ಲಿ. ನೀವು ತಳಮಾಳಿಗೆಯಲ್ಲಿ ಎಂತ ಹುಡುಕ್ತೀರಿ?" ಎಂದೆ.

ಮಲಾಡಿನಲ್ಲೇ ಹುಟ್ಟಿ ಬೆಳೆದ ನಮ್ಮ ಕಡೆಯ ಹುಡುಗಿ ಆಕೆ. "ಅಂಕಲ್, ಕಣ್ಣಿಗೆ ಹಾಕಿದ ದವಾ ಥೋಡಾ ರಕ್ತಕ್ಕೂ ಹೋಗ್ತದೆ. ಕೆಲವರಿಗೆ ಕಿಡ್ನಿಗೆ ತ್ರಾಸ್ ಆಗ್ತದೆ. ನಿಮಗೆ ಕಿಡ್ನಿ ಪ್ರಾಬ್ಲೆಮ್ ಇದೆಯಾ?"

"ಇಲ್ಲ."

ಪಕ್ಕದಲ್ಲಿದ್ದ ನನ್ನಾಕೆ ಸುಮ್ಮನಿರಬೇಕಲ್ಲ! "ಎಂತ ಇಲ್ಲ ಮಾರಾಯ್ರೆ? ಕಿಡ್ನಿ ಅರ್ಧವೇ ಕೆಲಸ ಮಾಡ್ತದೆ ಅಂತ ದಹಿಸರಿನ ಕಿಡ್ನಿ ಡಾಕ್ಟ್ರು ಹೇಳ್ಲಿಲ್ವಾ?"

"ಅದು ಅವರ ಖಾತೆಯಲ್ವಾ? ನಲವತ್ತು ವರ್ಷ ಹೋಟೆಲಿನಲ್ಲಿ ದೋಸೆ ಹೊಯ್ದವ ನಾನು. ಸಾಂಬಾರಿನ ಸುದ್ದಿಗೆ ಒಂದು ದಿನವೂ ಹೋದವನಲ್ಲ," ಎಂದು ಸಮರ್ಥಿಸಿಕೊಂಡೆ.

ಡಾಕ್ಟ್ರು ತಲೆಗೆ ಕೈ ಹಚ್ಚಿಕೊಂಡರು. "ಅರೇ ಅಂಕಲ್, ದೋಸೆ, ಸಾಂಬಾರ್ ಎರಡೂ ಹೋಗೋದು ಒಂದೇ ಹೊಟ್ಟೆಗೆ ನಾ? ಕಣ್ಣು ಬೇಕು, ಕಿಡ್ನಿನೂ ಬೇಕು."

ನನ್ನೆದುರೇ ದಹಿಸರಿಗೆ ಫೋನ್ ಹೋಯಿತು. ಇಬ್ಬರೂ ಡಾಕ್ಟ್ರು ಹತ್ತು ನಿಮಿಷ ನನ್ನ ವಿಷಯ ಮಾತಾಡಿದರು. ಇವತ್ತು ರಕ್ತ, ಮೂತ್ರದ ಪರೀಕ್ಷೆ ಮಾತ್ರ. ರಿಪೋರ್ಟ್ ನೋಡಿ ಗುರುವಾರ ಇಂಜೆಕ್ಷನ್ನಿನ ತೀರ್ಮಾನ. ಫೋನ್ ಇಡುವ ಮೊದಲು ದಹಿಸರಿನವರು ನನ್ನ ಉಪ್ಪಿನಕಾಯಿಯನ್ನೂ ನಿಲ್ಲಿಸಿಬಿಟ್ಟರು!

ಇರಲಿ. ಕಣ್ಣು ಸರಿಯಾದರೆ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ದೂರದಿಂದಲಾದರೂ ಸ್ಪಷ್ಟವಾಗಿ ನೋಡಬಹುದು.