ಹಸು ಕೊಳ್ಳುವ ಹಾಗೆ ಕೊಂಡ ಮದರ್‌ಬೋರ್ಡ್

ಬಂಗಾರಪೇಟೆಯ ಸುತ್ತಮುತ್ತ ಮದುವೆ ವಿಡಿಯೋ ತೆಗೆಯುವುದು ನನ್ನ ಕಸುಬು. ತೆಗೆಯುವವನು ನಾನಾದರೂ ಅದನ್ನು ಕತ್ತರಿಸಿ, ಜೋಡಿಸಿ, ನಾದಸ್ವರ ಕೂರಿಸಿ, ನಾಲ್ಕು ಜನ ನೋಡುವ ಹಾಗೆ ಮಾಡುವವಳು ನನ್ನ ಹೆಂಡತಿ. ಬೂದಿಕೋಟೆ ಕಡೆಯ ಹಸು ಕಟ್ಟಿದ ಮನೆಯ ಮಗಳು. ಮದುವೆಯಾಗಿ ಬಂದ ಹೊಸದರಲ್ಲಿ ಮೌಸ್ ಮುಟ್ಟಲು ಹೆದರುತ್ತಿದ್ದಳು. ಈಗ ನಾನು ಅದರ ಹತ್ತಿರ ಕೈ ಹಾಕಿದರೆ ಗದರುತ್ತಾಳೆ. ಮುಗಿದ ಮದುವೆಗಳೆಲ್ಲ ಹಾರ್ಡ್ ಡಿಸ್ಕುಗಳಲ್ಲಿ ತುಂಬಿ, ಹಳೇ ಪಂಚೆಯ ತುಂಡುಗಳಲ್ಲಿ ಸುತ್ತಿಸಿಕೊಂಡು, ಒಂದು ಕಬ್ಬಿಣದ ಟ್ರಂಕಿನಲ್ಲಿ ಮಲಗಿದ್ದವು. ಅದನ್ನು ಯಾರಾದರೂ ಜರುಗಿಸಿದರೆ ನಮ್ಮವಳು, "ಮೆಲ್ಲಗೆ, ಅದರೊಳಗೆ ಅರ್ಧ ತಾಲ್ಲೂಕು ಐತೆ" ಅನ್ನುವಳು.

ಒಂದು ದಿನ ಚಾಂಪಿಯನ್ ರೀಫ್ಸ್‌ನಿಂದ ಒಬ್ಬ ಹೆಂಗಸು ಬಂದಳು. ಅವಳ ಮದುವೆಗೆ ಕ್ಯಾಮೆರಾ ಹಿಡಿದವನು ನಾನೇ. ಆಗ ಕೊಟ್ಟ ಸಿಡಿ ಈಗ ಓಡುತ್ತಿರಲಿಲ್ಲ. ಅವಳ ತಂದೆ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಗೆ ಇಳಿಯುತ್ತಿದ್ದವರು. ಅವರು ತೀರಿಕೊಂಡು ವರ್ಷ ತುಂಬಲು ಬಂದಿತ್ತು.

"ಅಪ್ಪಂದು ಫೋಟೋ ಐತಣ್ಣಾ. ಆದ್ರೆ ಫೋಟೋದಾಗೆ ಪೊಲೀಸ್ನೋರ ಮುಂದೆ ನಿಂತಂಗೆ ನಿಂತವ್ರೆ. ನನ್ ಮದ್ವೇಲಿ ನಕ್ಕವ್ರೆ, ಮಾತಾಡವ್ರೆ. ಆ ಧ್ವನಿ ಬೇಕಣ್ಣಾ ನಂಗೆ. ಮಕ್ಳಿಗೆ ತಾತ ಎಂಗ್ ಮಾತಾಡ್ತಿದ್ರು ಅನ್ನೋದೇ ಮರ್ತೋಗ್ತೈತೆ" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ, "ಐತಮ್ಮಾ, ನಮ್ಮತ್ರ ಐತೆ. ಕೊಡ್ತೀನಿ, ಓಗು" ಎಂದು ಮಾತು ಕೊಟ್ಟುಬಿಟ್ಟಳು.

ಮಾತು ಕೊಟ್ಟ ಮೇಲೆ ನೋಡಿದರೆ, ನಮ್ಮ ಹಳೇ ಕಂಪ್ಯೂಟರ್ ಅದೇ ಮಳೆಗಾಲದಲ್ಲಿ ಕಣ್ಣು ಮುಚ್ಚಿತ್ತು. ಪಕ್ಕದ ಮನೆಯವರ ಲ್ಯಾಪ್‌ಟಾಪ್ ಕೇಳಿ ತಂದು ಆ ಮದುವೆಯ ಡಿಸ್ಕನ್ನು ಸಿಕ್ಕಿಸಿದೆವು. ಒಳಗಿನಿಂದ ಟಕ್, ಟಕ್ ಎಂದು ಉಗುರಿನಿಂದ ತಗಡು ಬಡಿದಂಥ ಸದ್ದು ಬಂತು. ಲ್ಯಾಪ್‌ಟಾಪ್ ನಿಂತೇ ಹೋಯಿತು. ನಮ್ಮವಳು ಸರಕ್ಕನೆ ವೈರ್ ಕಿತ್ತಳು.

"ಇದು ಸಾಯೋಕ್ ಕೂತೈತೆ. ಇನ್ನೊಂದ್ಸಲ ಓಡಿದ್ರೆ ಓಡ್ತು, ಇಲ್ದಿದ್ರೆ ಇಲ್ಲ. ಆ ಒಂದ್ಸಲಕ್ಕೆ ನಮ್ ಕಡೆ ಪಾತ್ರೆ ತೊಳ್ದು ರೆಡಿ ಇಟ್ಕೊಂಡಿರ್ಬೇಕು. ಅಲ್ಲೀತನ್ಕ ಇದನ್ನ ಯಾರೂ ಮುಟ್ಬೇಡಿ."

ಹಾಗೆ ಹೊಸ ಯಂತ್ರದ ಮಾತು ಹುಟ್ಟಿತು. ಹಗಲೆಲ್ಲ ಎಡಿಟಿಂಗಿಗೂ ಅದೇ, ಮದುವೆಗಳನ್ನೆಲ್ಲ ಎರಡೆರಡು ಪ್ರತಿ ಮಾಡಿಟ್ಟುಕೊಳ್ಳುವ ಸರ್ವರ್ ಕೂಡ ಅದೇ. ಪ್ರೊಸೆಸರ್, ಮೆಮೊರಿ, ಡಬ್ಬ, ಇವುಗಳ ವಿಷಯದಲ್ಲಿ ಜಗಳವಿರಲಿಲ್ಲ. ಜಗಳ ಬಂದಿದ್ದೆಲ್ಲ ಮದರ್‌ಬೋರ್ಡಿನ ಮೇಲೆ. ಮಿಕ್ಕವರೆಲ್ಲ ಬಂದು ಕೂರುವ ಜಗಲಿ ಅದು. ಜಗಲಿ ಕಿರಿದಾದರೆ ಎಂಥ ನೆಂಟರು ಬಂದರೂ ನಿಂತೇ ಇರಬೇಕು. ನಮಗೆ ಆರು ಹಾರ್ಡ್ ಡಿಸ್ಕು ಕೂರಬೇಕಿತ್ತು. ಅದರ ಜೊತೆಗೆ ಎಡಿಟಿಂಗಿಗೆಂದು, ನಾಲಿಗೆಯ ಹಾಗೆ ತೆಳ್ಳಗಿರುವ ಒಂದು ಎಂ.ಟು ಡಿಸ್ಕು.

ನಾನು ಫೋನಿನಲ್ಲಿ ನೋಡಿ ನೋಡಿ ಒಂದು ಬೋರ್ಡಿಗೆ ಮನಸ್ಸು ಕೊಟ್ಟಿದ್ದೆ. ಕರ್ರಗೆ ಮಿರಮಿರ ಮಿಂಚುತ್ತಿತ್ತು. ಅಂಚಿನಲ್ಲಿ ಬಣ್ಣದ ದೀಪ ಓಡಾಡುತ್ತಿತ್ತು, ಕರಗದ ದಿನದ ಸೀರಿಯಲ್ ಸೆಟ್ಟಿನ ಹಾಗೆ.

"ಡಿಸ್ಕ್‌ಗೆ ಕಿಂಡಿ ಎಷ್ಟವೆ?" ಎಂದು ಕೇಳಿದಳು.

"ಆರು. ನಮಗೆ ಬೇಕಾದಷ್ಟೇ."

"ಆರ್ರಲ್ಲೂ ಆಲು ಬರ್ತೈತಾ?"

ನಾನು ನಕ್ಕೆ. ಅವಳು ನಗಲಿಲ್ಲ. ಅವಳ ತವರಿನಲ್ಲಿ ಹಸು ಕೊಳ್ಳುವುದಕ್ಕೆ ಒಂದು ಕ್ರಮವಿದೆ. ಬಣ್ಣ, ಕೊಂಬು, ಸುಳಿ ನೋಡಿ ಹಗ್ಗ ಬಿಚ್ಚುವುದಿಲ್ಲ. ಮಾರುವವನ ಕೊಟ್ಟಿಗೆಯಲ್ಲೇ ಕೂತು ಹಾಲು ಕರೆಯಬೇಕು. ಅದೂ ಸುಮ್ಮನೆ ಚೊಂಬು ತುಂಬಿಸುವುದಲ್ಲ. ಒಂದೊಂದು ಮೊಲೆಯಿಂದಲೂ ಬೇರೆಬೇರೆಯಾಗಿ ಅಂಗೈಗೆ ಹಿಂಡಿಕೊಂಡು ನೋಡಬೇಕು. ಮೂರು ಧಾರಾಳವಾಗಿ ಕೊಟ್ಟು ಒಂದು ಬತ್ತಿರುವ ಹಸುಗಳಿರುತ್ತವಂತೆ. ಚೊಂಬು ನೋಡಿದವನಿಗೆ ಅದು ತಿಳಿಯುವುದೇ ಇಲ್ಲವಂತೆ.

"ಅದು ಹಸು ಕಣೇ, ಇದು ಬೋರ್ಡು" ಅಂದೆ.

"ಕೊಳ್ಳೋರು ನಾವೇ ತಾನೆ? ನಡೀರಿ" ಅಂದಳು.

ಹೊಸ ಯಂತ್ರಕ್ಕೆಂದು ತೆಗೆದಿಟ್ಟ ಆರು ಡಿಸ್ಕುಗಳನ್ನು ಟವಲಿನಲ್ಲಿ ಸುತ್ತಿ, ಊಟದ ಬ್ಯಾಗಿಗೆ ತುಂಬಿಕೊಂಡು ಬಸ್ ಹತ್ತಿದೆವು. ರಾಬರ್ಟ್‌ಸನ್‌ಪೇಟೆಯಲ್ಲಿ ನನಗೆ ಪರಿಚಯದ ಕಂಪ್ಯೂಟರ್ ಅಂಗಡಿಯವನೊಬ್ಬನಿದ್ದ. ನಾನು ಹೇಳಿದ್ದ ಬೋರ್ಡು ತರಿಸಿಟ್ಟಿದ್ದ.

"ಫ್ರೆಶ್ ಪೀಸ್ ಸಾರ್. ಸೀಲೇ ಒಡ್ದಿಲ್ಲ."

"ಒಡೀರಣ್ಣಾ" ಅಂದಳು ನಮ್ಮವಳು.

"ಅಕ್ಕಾ, ಸೀಲ್ ಒಡೆದ್ಬುಟ್ರೆ ಆಮೇಲೆ ಯಾರ್ ತಗೊಂತಾರೆ?"

"ನಾವೇ ತಗೊಂತೀವಿ. ಎಲ್ಲಾ ಮೊಲೇಲೂ ಆಲು ಬಂದ್ರೆ."

ಅವನು ನನ್ನ ಕಡೆ ತಿರುಗಿ, "ಎನ್ನಾ ಸಾರ್ ಸೊಲ್ರಾಂಗ?" ಏನು ಹೇಳುತ್ತಿದ್ದಾರೆ ಇವರು ಎಂದು ತಮಿಳಿನಲ್ಲಿ ದಯನೀಯವಾಗಿ ಕೇಳಿದ. ನಾನು ಹಸುವಿನ ಕಥೆ ಹೇಳಿದೆ. ಅವನು ಹಣೆ ಚಚ್ಚಿಕೊಂಡ. ಆದರೂ ಒಳ್ಳೆಯವನು, ಸೀಲ್ ಒಡೆದ. ಮೇಜಿನ ಮೇಲೆ ಬೋರ್ಡು ಹರವಿ, ಪ್ರೊಸೆಸರ್, ಮೆಮೊರಿ ಕೂರಿಸಿ, ಎಂ.ಟು ಡಿಸ್ಕು ಸಿಕ್ಕಿಸಿ, ನಮ್ಮ ಡಿಸ್ಕುಗಳನ್ನು ಒಂದೊಂದು ಕಿಂಡಿಗೂ ಹಾಕಿದ. ದೀಪಗಳು ಓಡಾಡಿದವು. ಪರದೆ ಬೆಳಗಿತು. ನಾಲ್ಕು ಡಿಸ್ಕು ಕಂಡವು. ಇನ್ನೆರಡು ಕಾಣಲಿಲ್ಲ.

ವೈರ್ ಬದಲಾಯಿಸಿದ. ಕಾಣಲಿಲ್ಲ. ಡಿಸ್ಕನ್ನೇ ಅದಲುಬದಲು ಮಾಡಿದ. ಅದೇ ಎರಡು ಕಿಂಡಿ ಕುರುಡು. ನನಗೇನು ತೋಚಿತೋ, "ಆ ಎಂ.ಟು ತೆಗೆದು ನೋಡೋಣ" ಅಂದೆ. ತೆಗೆದರೆ ಆರೂ ಡಿಸ್ಕು ಕಂಡವು! ಮತ್ತೆ ಹಾಕಿದರೆ ಎರಡು ಮಾಯ. ಆಗ ಅರ್ಥವಾಯಿತು. ಆ ಎರಡು ಕಿಂಡಿಗೂ ಎಂ.ಟುವಿಗೂ ಒಳಗೆ ಇದ್ದದ್ದು ಒಂದೇ ದಾರಿ. ಒಬ್ಬರು ನಡೆದರೆ ಇನ್ನೊಬ್ಬರು ನಿಲ್ಲಬೇಕು. ಬೋರ್ಡು ಕೆಟ್ಟಿರಲಿಲ್ಲ. ಮಾಡಿದವರು ಹಾಗೇ ಮಾಡಿದ್ದರು. ಬೇರೆಯವರ ಮನೆಗೆ ಅದು ಧಾರಾಳವಾಗಿ ಸಾಕು, ನಮ್ಮ ಮನೆಗೆ ಸಾಲದು.

ಬೀಗುವಾಗ ನನ್ನ ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತಾಳೆ. ಅವತ್ತು ಸೆರಗನ್ನು ಎಷ್ಟು ಸಲ ಸರಿಮಾಡಿಕೊಂಡಳೋ!

"ಬೇರೆ ಐತಾ ಅಣ್ಣಾ?"

ಅಂಗಡಿಯವನು ಒಳಗೆ ಹೋಗಿ ಒಂದು ಹಸಿರು ಬೋರ್ಡು ಹಿಡಿದುಕೊಂಡು ಬಂದ. ಯಾವುದೋ ಆಫೀಸು ಖಾಲಿ ಮಾಡಿದಾಗ ಬಂದ ಮಾಲು. ದೀಪವಿಲ್ಲ, ಥಳಕಿಲ್ಲ, ಸ್ಕೂಲ್ ಸ್ಲೇಟಿನ ಹಾಗಿತ್ತು. ಆದರೆ ಕಿಂಡಿ ಎಂಟು. ಎಂ.ಟುವಿಗೆ ಅದರದೇ ಬೇರೆ ದಾರಿ. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಜಾತಿಯ ಮೆಮೊರಿಯನ್ನೂ ಅದು ಒಪ್ಪುತ್ತಿತ್ತು. ಮದುವೆಗಳನ್ನು ಕಾಯಲು ಕೂತವನಿಗೆ ಇರಬೇಕಾದ ಗುಣ ಅದು. ಅದಕ್ಕೆ ಹೊಂದುವ ಪ್ರೊಸೆಸರ್ ಮೆಮೊರಿಯೂ ಅವನ ಹತ್ತಿರವೇ ಇದ್ದವು. ಎಲ್ಲ ಹಾಕಿ ಸ್ವಿಚ್ ಒತ್ತಿದ. ಫ್ಯಾನ್ ತಿರುಗಿತು. ಪರದೆ ಕಪ್ಪು.

ಕಾದೆವು. ಕಪ್ಪೇ.

"ಪೋಚ್ ಸಾರ್. ಸತ್ತೋಗೈತೆ" ಎಂದು ಅವನು ಸ್ವಿಚ್ಚಿನತ್ತ ಕೈ ಚಾಚಿದ.

"ಕೈ ತೆಗೀರಣ್ಣಾ!" ಎಂದು ನಮ್ಮವಳು ಗದರಿದ ರಭಸಕ್ಕೆ ಎದುರಿನ ಟೀ ಅಂಗಡಿಯವರೆಲ್ಲ ತಿರುಗಿ ನೋಡಿದರು. "ಒಸಾ ಜಾಗ, ಒಸಾ ಕೈ. ಅಸು ಆದ್ರೂ ತಕ್ಷಣ ಆಲು ಇಳ್ಸಲ್ಲ. ಸುಮ್ಕೆ ನಿಂತ್ಕೊಳಿ."

ಇಂಥ ಬೋರ್ಡುಗಳು ಮೊದಲ ಸಲ ಮೆಮೊರಿಯನ್ನೆಲ್ಲ ತಡವಿ ಪರೀಕ್ಷಿಸಿಕೊಂಡು ಎದ್ದೇಳುತ್ತವೆ ಎಂದು ನಾನೂ ಎಲ್ಲೋ ಓದಿದ್ದೆ. ಆದರೆ ಓದಿದ್ದು ಆ ಹೊತ್ತಿಗೆ ಎಲ್ಲಿ ನೆನಪಿಗೆ ಬರುತ್ತದೆ? ನನಗೆ ಕಂಡದ್ದು ಚಾಂಪಿಯನ್ ರೀಫ್ಸ್‌ನ ಆ ಹೆಂಗಸಿನ ಮುಖ. ಮೂವರೂ ಪರದೆಯನ್ನೇ ನೋಡುತ್ತ ನಿಂತೆವು. ಟೀ ಕುಡಿಯುತ್ತಿದ್ದವರೂ ಲೋಟ ಹಿಡಿದುಕೊಂಡೇ ಬಂದು ನಿಂತರು. ಕಡೆಗೆ "ಬೀಪ್" ಎಂದು ಒಂದು ಸದ್ದು. ಪರದೆಯ ಮೇಲೆ ಬಿಳಿ ಅಕ್ಷರ ಸುರಿಯತೊಡಗಿದವು. ಆರು ಡಿಸ್ಕು, ಎಂ.ಟು, ಎಲ್ಲ ಸಾಲಾಗಿ ಹಾಜರ್. ಉಳಿದ ಎರಡು ಕಿಂಡಿಗೂ ಡಿಸ್ಕು ಬದಲಿಸಿ ನೋಡಿದೆವು, ಅವೂ ಸೈ. ಏನು ಗೆದ್ದದ್ದೆಂದು ಗೊತ್ತಿಲ್ಲದಿದ್ದರೂ ಟೀ ಅಂಗಡಿಯವರು ಚಪ್ಪಾಳೆ ತಟ್ಟಿದರು.

"ಅಕ್ಕಾ, ನಾಳೆಯಿಂದ ನೀವು ನಮ್ಮಂಗ್ಡೀಗೇ ಬಂದ್ಬುಡಿ" ಅಂದ ಅಂಗಡಿಯವನು.

"ನಿಮ್ ದೀಪದ್ ಬೋರ್ಡೆಲ್ಲಾ ವಾಪಸ್ ಓಗ್ತಾವೆ, ಪರ್ವಾಗಿಲ್ವಾ?" ಅಂದಳು ಇವಳು.

ಮನೆಗೆ ಬಂದು ಜೋಡಿಸಿದೆವು. ಡಿಸ್ಕುಗಳನ್ನು ಜೋಡಿ ಮಾಡಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯುವ ಹಾಗೆ ಹೊಂದಿಸಿ, ಕರೆಂಟು ಹೋದರೂ ನಡೆಯಲೆಂದು ಯುಪಿಎಸ್‌ಗೆ ಕಟ್ಟಿ, ಬೆಳಿಗ್ಗೆ ತಿಂಡಿ ಮುಗಿಸಿ ಆ ಟಕ್‌ಟಕ್ ಡಿಸ್ಕನ್ನು ಟ್ರಂಕಿನಿಂದ ಎತ್ತಿದೆವು. ಉಳಿದಿದ್ದ ಕಿಂಡಿಗೆ ಇವಳೇ ಸಿಕ್ಕಿಸಿದಳು. ಟಕ್, ಟಕ್. ನಿಂತಿತು. ಮತ್ತೆ ಟಕ್. ಪ್ರತಿ ಎಷ್ಟಾಯಿತೆಂದು ತೋರಿಸುವ ಹಸಿರು ಗೆರೆ ಪರದೆಯಲ್ಲಿ ಒಂದಿಷ್ಟು ಸರಿದು ನಿಂತಿತು. ನಾನು ಹೊರಗೆ ಹೋದೆ, ಒಳಗೆ ಬಂದೆ. ಹಳಿ ಮೇಲೆ ಯಾವುದೋ ರೈಲು ಹೋದದ್ದಕ್ಕೂ ಬೈದೆ. ಇವಳು ಕದಲಲಿಲ್ಲ. ಗೆರೆ ಮತ್ತೆ ಸರಿಯಿತು, ನಿಂತಿತು, ಸರಿಯಿತು. ಮಧ್ಯಾಹ್ನದ ಅನ್ನ ಆರಿ ಹೋಗಿತ್ತು, "ಬಂತು!" ಎಂದು ಅವಳು ಕೂಗಿದಾಗ.

ಮಾರನೇ ದಿನ ಆ ಹೆಂಗಸು ಮಕ್ಕಳನ್ನು ಕರೆದುಕೊಂಡು ಬಂದಳು. ಸರ್ವರಿನಿಂದ ನಡುಮನೆಯ ಟೀವಿಗೆ ಮದುವೆ ಹರಿದು ಬಂತು. ಚಪ್ಪರ, ವಾಲಗ, ಜನ. ಅವರ ನಡುವೆ ಹೆಗಲಿಗೆ ಟವಲು ಹಾಕಿದ ಅವಳ ತಂದೆ. ಕ್ಯಾಮೆರಾ ಹತ್ತಿರ ಹೋದಾಗ ಅವರು ನನ್ನ ಕಡೆಗೇ ಕೈ ಬೀಸಿ, "ಏಯ್ ಕ್ಯಾಮೆರಾ, ನನ್ ಮೂತಿ ಯಾಕ್ಲಾ ತೆಗೀತೀಯ? ಕತ್ಲಲ್ಲಿ ಕೆಲ್ಸ ಮಾಡಿದ್ ಮೂತಿ ಇದು. ಓಗ್ಲಾ, ನನ್ ಮಗ್ಳುನ್ನ ತೆಗಿ!" ಎಂದು ಹೊಟ್ಟೆ ಕುಲುಕಿಸಿ ನಕ್ಕರು.

ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು.

"ಅಕ್ಕಾ, ಇನ್ನೊಂದ್ಸಲ ಆಕ್ತೀಯಾ?"

ಹಾಕಿದಳು. ಎಷ್ಟು ಸಲ ಕೇಳಿದರೆ ಅಷ್ಟು ಸಲವೂ ನಮ್ಮವಳು ಹಾಕಿದಳು. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಚಿಕ್ಕ ಮಗು ಟೀವಿ ಮುಂದೆ ನಿಂತು, ಸೊಂಟಕ್ಕೆ ಕೈ ಕೊಟ್ಟುಕೊಂಡು, ತಾತನ ಧ್ವನಿಯಲ್ಲೇ "ಓಗ್ಲಾ, ನನ್ ಮಗ್ಳುನ್ನ ತೆಗಿ!" ಎಂದು ನನಗೆ ಅಪ್ಪಣೆ ಮಾಡಿತು. ನಾನು ಕ್ಯಾಮೆರಾ ತರಲು ಒಳಗೆ ಓಡಿದೆ.