ಕಪ್ಪು ಕಾಗದ ಬಿಚ್ಚಿದವಳು

ಆ ತಟ್ಟೆಗಳ ಕಪ್ಪು ಕಾಗದ ಬಿಚ್ಚಿದವಳು ನಾನು. ಮೊದಲೇ ಹೇಳಿಬಿಡುತ್ತೇನೆ; ಆಮೇಲೆ ಹೇಳೋಣವೆಂದು ಕಾದೇ ಇಷ್ಟೆಲ್ಲ ಕೆಟ್ಟದ್ದು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಕೊಪ್ಪದ ಹತ್ತಿರದ ಕಾಲೇಜೊಂದರಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೆ. ಅತಿನೇರಳೆ ಕಿರಣ ಬಿದ್ದರೆ ಬ್ಯಾಕ್ಟೀರಿಯಾದ ಡಿಎನ್‌ಎ ಕೆಡುತ್ತದೆ. ಬ್ಯಾಕ್ಟೀರಿಯಾ ಇರುವ ನೀರಿಗೆ ಅಮೈನೋ ಆಮ್ಲ ಬೆರೆಸಿದರೆ, ಕಿರಣವನ್ನು ಅದೇ ಹೀರಿಕೊಂಡು ಹಾನಿ ತಗ್ಗಿಸೀತೇ? ಇದು ನನ್ನ ಪ್ರಾಜೆಕ್ಟು. ಕಿರಣದ ದೀಪವನ್ನು ನಮ್ಮ ಮೇಷ್ಟ್ರು ಶಿವಮೊಗ್ಗದಲ್ಲಿ ಯಾರನ್ನೋ ಕಾಡಿ ಬೇಡಿ ಒಂದು ವಾರದ ಮಟ್ಟಿಗೆ ತಂದಿದ್ದರು. ಕಿರಣ ಬಿಟ್ಟ ಮೇಲೆ ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗಳು ಕತ್ತಲಲ್ಲೇ ಇರಬೇಕು, ಬೆಳಕು ಸಿಕ್ಕಿದರೆ ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ ಎಂದು ನೂರು ಸಲ ಹೇಳಿದ್ದರು.

ಕಿರಣ ಬಿಟ್ಟು ಕಾಗದ ಸುತ್ತಿಟ್ಟೆ, ಕರೆಂಟು ಹೋಯಿತು. ತಟ್ಟೆ ಬೆಚ್ಚಗಿಡುವ ಪೆಟ್ಟಿಗೆ ತಣ್ಣಗಾಯಿತು. ಅಷ್ಟರಲ್ಲಿ ಹದಿನೈದು ದಿನದಿಂದ ಮುಖ ತೋರಿಸದ ಬಿಸಿಲು ಬಂತು. ಮಳೆಗಾಲದಲ್ಲಿ ಬಿಸಿಲು ಕಂಡರೆ ನಮ್ಮ ಕಡೆಯವರ ಕೈ ಸುಮ್ಮನಿರುವುದಿಲ್ಲ. ಕಂಬಳಿ, ಹಪ್ಪಳ, ಮೆಣಸಿನಕಾಯಿ ಎಲ್ಲ ಅಂಗಳಕ್ಕೆ ಬರುತ್ತವೆ. ನಾನೂ, ದಡ್ಡಿ, ತಟ್ಟೆಗಳು ಬೆಚ್ಚಗಾಗಲಿ ಎಂದು ಕಾಗದ ಬಿಚ್ಚಿ ಕಿಟಕಿಯಲ್ಲಿಟ್ಟೆ. ಅರ್ಧ ಗಂಟೆಯಾದ ಮೇಲೆ ಕರೆಂಟು ಬಂತು, ಮತ್ತೆ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ.

ಮಾರನೆಯ ದಿನ ನೋಡಿದರೆ ಅಮೈನೋ ಆಮ್ಲ ಹಾಕಿದ್ದರಲ್ಲೂ ಹಾಕದ್ದರಲ್ಲೂ ಬ್ಯಾಕ್ಟೀರಿಯಾ ಒಂದೇ ಸಮ ದಟ್ಟವಾಗಿ ಬೆಳೆದಿತ್ತು. ಬೆಳಕು ಬಿದ್ದಿದೆ ಎಂದು ಮೇಷ್ಟ್ರಿಗೆ ಕೂಡಲೇ ತಿಳಿಯಿತು. ದೀಪ ಅಂದೇ ವಾಪಸ್ಸು ಹೋಗಬೇಕಿತ್ತು, ಇನ್ನೊಮ್ಮೆ ಮಾಡುವಂತಿರಲಿಲ್ಲ. ಅವರು ಕೆಂಡವಾದರು.

ಲ್ಯಾಬಿನ ಬೀಗದಕೈ ಇದ್ದದ್ದು ಅಟೆಂಡರ್ ಅಕ್ಕನ ಹತ್ತಿರ. ಮೆಣಸೆ ಎಂಬ ಹಳ್ಳಿಯಿಂದ ದಿನಾ ಬಸ್ಸಿಗೆ ಬರುವವಳು. ಕೆಲಸ ಕಾಯಂ ಆಗಿರಲಿಲ್ಲ.

"ಮೇಜು ಒರೆಸುವಾಗ ನೀನೇ ಬಿಚ್ಚಿದ್ದಲ್ಲವಾ?" ಎಂದರು ಮೇಷ್ಟ್ರು.

"ನಾ ಮುಟ್ಲೇ ಇಲ್ಲ ಸಾರ್," ಎಂದು ಅಕ್ಕ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಗೀಚಿದೆ. ಮಾರ್ಕ್ಸು ಹೋದೀತೆಂಬ ಹೆದರಿಕೆ, ಥೂ. ಮುಂದಿನ ತಿಂಗಳಿಂದ ಅವಳಿಗೆ ಬರುವುದು ಬೇಡ ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಎರಡು ವರ್ಷದ ಮೇಲೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಎಸ್ಟೇಟಿನ ಕೂಲಿಗೆ ಹೋಗುತ್ತಿದ್ದಳಂತೆ; ಕೈ ಒರಟಾಗಿತ್ತು. ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ, ಅಳುತ್ತ.

"ಗೊತ್ತಿತ್ತು ಮಾರಾಯ್ತಿ. ನೀ ಕಿಟಕೀಲಿ ಇಟ್ಟಿದ್ದು ನೋಡಿದ್ದೆ," ಎಂದಳು. "ನೀನೇ ಹೇಳ್ತೀಯ ಅಂತ ಸುಮ್ನಿದ್ದೆ."