ಈನಕ್ ಉಳದೆ ಬಿಟ್ಟ ನಾಲ್ಕು ಮಾರು

ಈನಕ್ ಸ್ಟರ್ಜೆಸ್ ನಡೆಯುತ್ತಲೇ ಕನಸು ಕಾಣುತ್ತಿದ್ದ. ನಲವತ್ತು ವರ್ಷ ಅವನ ನೇಗಿಲ ಗುಳ ಹದ ಮಾಡಿಕೊಟ್ಟ ಕಮ್ಮಾರ ನಾನು, ನನಗೆ ಗೊತ್ತು. ಬೆಳಗಿನ ಮಂಜಿನಲ್ಲಿ ಅವನ ಕಾಲು ಕಾಣುತ್ತಿರಲಿಲ್ಲ. ಡ್ಯಾಮ್ಸನ್ ಎಂಬ ಹೆಣ್ಣುಕುದುರೆಯ ಕಿವಿ, ಅದರ ಹಿಂದೆ ಅವನ ಟೋಪಿ, ಎರಡೂ ಬಿಳಿಯ ಮೇಲೆ ತೇಲಿಹೋಗುತ್ತಿದ್ದವು. ಎಲ್ಲೋ ಮೇಲೆ ಬಾನಾಡಿ ಹಾಡುತ್ತಿತ್ತು.

ಆಗ ನಮ್ಮೂರ ಬಯಲಿಗೆ ಬೇಲಿ ಇರಲಿಲ್ಲ. ಒಬ್ಬನ ಹೊಲದ ಪಟ್ಟಿಗೂ ಇನ್ನೊಬ್ಬನ ಪಟ್ಟಿಗೂ ನಡುವೆ ಉಳದೆ ಬಿಟ್ಟ ಹುಲ್ಲಿನ ಬದು. ಅದಕ್ಕೆ ನಾವು ಬಾಕ್ ಎನ್ನುತ್ತೇವೆ. ನೆಲವಿಲ್ಲದವರ ಹಸು ಮೇಯುತ್ತಿದ್ದದ್ದು ಅಲ್ಲೇ. ಉಳುವವನು ಮೈಮರೆತು ಸಾಲಿನ ನಡುವೆ ತುಂಡು ನೆಲ ಬಿಟ್ಟರೆ ಅವನು ಬಾಕ್ ಮಾಡಿದ ಎನ್ನುತ್ತೇವೆ. ಕುದುರೆ ಕಾಲೂರಿ ನಿಂತು ಮುಂದೆ ಹೋಗಲೊಲ್ಲೆ ಎಂದರೂ ಅದೇ ಮಾತು. ಪಟ್ಟಣದವರು ಈಗ ಮದುವೆಗೆ ಒಪ್ಪದ ಹುಡುಗಿಗೂ ಅದನ್ನೇ ಹೇಳುತ್ತಾರಂತೆ. ನೇಗಿಲು ಮುಟ್ಟದವರ ಬಾಯಲ್ಲಿ ನಮ್ಮ ಬದು!

ಇಪ್ಪತ್ತರ ಹರೆಯದಲ್ಲಿ ಈನಕ್ ಆ ತಪ್ಪು ಮಾಡಿದ. ಸಾಲಿನ ನಡುವೆ ನಾಲ್ಕು ಮಾರು ನೆಲ ಹಾಗೇ ಉಳಿಯಿತು. ಸಂಜೆ ಬಿಯರ್ ಕುಡಿಯುವಾಗ ಎಲ್ಲರೂ ಗೇಲಿ ಮಾಡುತ್ತ ಅವನ ಮೇಲೆ ಬಿದ್ದರು.

“ಏನೋ ಈನಕ್, ನೇಗಿಲು ತಾಗಬಾರದೂಂತ ಅಲ್ಲಿ ಮೊಲ ಹೂತಿಟ್ಟಿದ್ದೀಯೇನೋ?”

ಅವನು ಕಿವಿಯವರೆಗೂ ಕೆಂಪಾಗಿ ಲೋಟದೊಳಗೆ ಮುಖ ಹುದುಗಿಸಿದ. ಆ ಸಾಲು ಉಳುವ ಹೊತ್ತಿನಲ್ಲಿ ಪಕ್ಕದ ಬದುವಿನ ಮೇಲೆ ನಮ್ಮೂರ ಹುಡುಗಿ ಕೆಜಾಯಾ ಹಸು ಹಿಡಿದು ಹೋಗುತ್ತಿದ್ದುದನ್ನು ನಾನು ಕಂಡಿದ್ದೆ. ಅವಳು ಬೇರೊಬ್ಬನನ್ನು ಮದುವೆಯಾದಳು, ವಿಧವೆಯಾದಳು, ಅದೇ ಬದುವಿನಲ್ಲಿ ಒಂದು ಹಸು ಮೇಯಿಸಿ ಬೆಣ್ಣೆ ಮಾರಿ ಬದುಕಿದಳು. ಈನಕ್ ತಾನು ಕೂಲಿಗೆ ಉಳುತ್ತಿದ್ದ ದಣಿ ಲಡ್ಲಮ್‌ನ ಗುಡಿಸಲಿನಲ್ಲಿ ಒಬ್ಬನೇ ಮುದುಕನಾದ. ಹೇಳಬೇಕಾದ್ದನ್ನು ಹೇಳದ ಗಂಡಸರನ್ನು ಕಂಡರೆ ನನಗೆ ಮೈಯುರಿಯುತ್ತದೆ.

ಸರಕಾರದ ಕಾಯಿದೆ ಬಂದು ಬಯಲಿಗೆ ಬೇಲಿ ಬಿದ್ದ ವರ್ಷ ಅಷ್ಟೂ ನೆಲ ದಣಿ ಲಡ್ಲಮ್‌ನದಾಯಿತು. ಬದುಗಳನ್ನೆಲ್ಲ ಉತ್ತುಬಿಡು ಎಂದು ಈನಕ್‌ಗೆ ಅಪ್ಪಣೆಯಾಯಿತು. ಹತ್ತಾರು ಬದು ಉತ್ತ. ಅವೂ ಬಡವರ ಹುಲ್ಲೇ. ಅವನನ್ನು ನಾನು ದೇವರು ಮಾಡಲಾರೆ. ಕೊನೆಗೆ ಕೆಜಾಯಾಳ ಬದು ಬಂತು. ಮಂಜಿನಲ್ಲಿ ಅವಳ ಹಸು ತಲೆಯೆತ್ತಿ ನೋಡಿತು. ಡ್ಯಾಮ್ಸನ್ ನಿಂತಳು.

“ಚಾಟಿ ಬೀಸೋ! ಮುದಿ ಕುದುರೆ ಹಟ ಹಿಡಿದಿದೆ,” ಎಂದು ಲಡ್ಲಮ್ ಕೂಗಿದ.

“ಅವಳಿಗೇನೂ ಹಟ ಇಲ್ಲ ದಣಿ,” ಎಂದ ಈನಕ್, ಆಗತಾನೆ ಎಚ್ಚರಾದವನ ಹಾಗೆ. “ನಿಂತಿರೋನು ನಾನು.”

“ಗುಡಿಸಲು ಯಾರದ್ದು ಅಂತ ನೆನಪಿದೆಯಾ?”

“ಇದೆ.”

ಲಗಾಮು ಮಡಚಿ ನೇಗಿಲ ಮೇಲಿಟ್ಟು ಅವನು ನಡೆದುಬಿಟ್ಟ. ಹದ ಮಾಡಿದ ಗುಳ ಕೊಡಲು ಬಂದು ಅಲ್ಲೇ ನಿಂತಿದ್ದ ನನ್ನ ಕಣ್ಣು ತುಂಬಿತು.

ಶನಿವಾರದೊಳಗೆ ಬೇರೊಬ್ಬ ಬಂದು ಆ ಬದುವನ್ನೂ ಉತ್ತ. ಮೇವಿಲ್ಲದೆ ಕೆಜಾಯಾಳ ಹಸು ಸಂತೆಗೆ ಹೋಯಿತು. ಗುಡಿಸಲು ಕಳೆದುಕೊಂಡ ಈನಕ್ ಗಂಟು ಹೊತ್ತು ನನ್ನ ಕುಲುಮೆಯ ಮುಂದೆ ನಿಂತಿದ್ದಾಗ ಕೆಜಾಯಾ ಬಂದಳು, ಜಗಳಕ್ಕೆ ಬಂದವಳ ಹಾಗೆ.

“ಕೊಟ್ಟಿಗೆ ಖಾಲಿ ಬಿದ್ದಿದೆ, ಬಾ. ಆ ಮೊಲ ಯಾಕೆ ಹೂತಿಟ್ಟೆ ಅಂತ ಇವತ್ತಾದ್ರೂ ಬಾಯ್ಬಿಡು.”

“ನಿಂಗೆ ಗೊತ್ತಿತ್ತಾ?” ಎಂದ ಈನಕ್.

“ಆ ನಾಲ್ಕು ಮಾರಿನ ಪಕ್ಕ ದಾಟಿಹೋಗೋಕೆ ಅವತ್ತು ನಾನು ಬೇಕೂಂತ್ಲೇ ಎಷ್ಟು ಹೊತ್ತು ಮಾಡ್ದೆ ಅಂತ ನೀನು ನೋಡ್ಲೇ ಇಲ್ವೇನೋ, ಕತ್ತೆ?”